ನಿಧಾನದ ಬಾಟ್ಲಿ

ಡಾಕ್ಟ್ರಮ್ಮ ಸತ್ತ ಸುದ್ದಿಯನ್ನು ನನಗೆ ಹೇಳಿದವನು ತುಮಕೂರಿನಲ್ಲಿ ನಮ್ಮ ಬೀದಿಗೆ ಸೊಪ್ಪು ತರುವವನು. ಗುಬ್ಬಿ ಕಡೆಯವನು. ಅವನು ಹುಟ್ಟಿದ್ದೇ ಆಕೆಯ ಕೈಯಲ್ಲಿ. ಆಕೆಗೆ ತೊಂಬತ್ತು ದಾಟಿತ್ತು. ಸಾಯುವ ವಯಸ್ಸೇ ಬಿಡಿ, ಅಳುವಂಥದ್ದೇನೂ ಅಲ್ಲ. ನಾನು ಅಳಲೂ ಇಲ್ಲ. ಎರಡು ಕಟ್ಟು ದಂಟಿನ ಸೊಪ್ಪು ತಗೊಂಡು ಒಳಗೆ ಬಂದೆ. ಸೋಸುವಾಗ ಅನ್ನಿಸಿತು, ಇಷ್ಟು ದೊಡ್ಡ ಹೆಂಗಸು ಹೋದಳು, ಪೇಪರಿನಲ್ಲಿ ಒಂದು ಫೋಟೋ ಇಲ್ಲ, ಯಾರೂ ಎದ್ದು ನಿಂತು ಒಂದು ಮಾತು ಆಡಲಿಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಕೂತು ಬರೆಯುತ್ತಿದ್ದೇನೆ. ಆಕೆಯ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದು ಆಕೆಗೆ ಆಗುತ್ತಿರಲಿಲ್ಲ. ಕ್ಲಿನಿಕ್ಕಿಗೆ ಒಂದು ಬೋರ್ಡು ಕೂಡ ಇರಲಿಲ್ಲ. ಆಗ ಗುಬ್ಬಿಯಲ್ಲಿ ಡಾಕ್ಟ್ರಮ್ಮ ಅಂದರೆ ಒಬ್ಬರೇ, ಯಾವ ಡಾಕ್ಟ್ರಮ್ಮ ಅಂತ ಯಾರೂ ಕೇಳುತ್ತಿರಲಿಲ್ಲ.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ವೆಲ್‌ನೆಸ್ ಕ್ಲಿನಿಕ್ ಅಂತೆ. ಸೋಫಾದಂಥ ಕುರ್ಚಿಯಲ್ಲಿ ಚೆಂದದ ಹುಡುಗಿಯೊಬ್ಬಳು ಕಾಲು ಚಾಚಿ ಕೂತಿದ್ದಾಳೆ, ಕೈಗೆ ಸೂಜಿ, ಮೇಲೆ ಹಳದಿ ಬಾಟ್ಲಿ. ವಿಟಮಿನ್ನು, ಇನ್ನೂ ಏನೇನೋ ಖನಿಜ ಎಲ್ಲ ನೇರ ರಕ್ತಕ್ಕೆ ಹೋಗಿ ಮುಖಕ್ಕೆ ಕಾಂತಿ ಬರುತ್ತದಂತೆ. ಇದು ಹೊಸದು ಅಜ್ಜಿ ಅಂದಳು. ಹೊಸದಲ್ಲ ಕಣೇ ಅಂದೆ. ನಮ್ಮ ಕಾಲದಲ್ಲಿ ಕಾಂತಿ ಅನ್ನುತ್ತಿರಲಿಲ್ಲ, ತಾಕತ್ತು ಅನ್ನುತ್ತಿದ್ದರು. ಸೋಫಾ ಇರಲಿಲ್ಲ, ಕಬ್ಬಿಣದ ಮಂಚ ಇತ್ತು. ಮಿಕ್ಕಿದ್ದೆಲ್ಲ ಅದೇ, ಬಣ್ಣವೂ ಅದೇ.

ನಾನು ತುಮಕೂರು ಹತ್ತಿರದ ಕೋರದವಳು. ಗಂಡ ಹೋದ ಮೇಲೆ ಗುಬ್ಬಿಯಲ್ಲಿ ಅಣ್ಣನ ಮನೆ ಸೇರಿದ್ದೆ. ಎಮರ್ಜೆನ್ಸಿ ಮುಗಿದ ಮಾರನೆಯ ವರ್ಷ ಡಾಕ್ಟ್ರಮ್ಮ ಕುಣಿಗಲ್ಲಿನ ಸರ್ಕಾರಿ ಕೆಲಸ ಬಿಟ್ಟು ಬಂದು, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹೆಂಚಿನ ಮನೆಯಲ್ಲಿ ಕ್ಲಿನಿಕ್ ಇಟ್ಟರು. ಆಯಾ ಬೇಕಾಗಿದ್ದಾಳೆ ಅಂತ ಕೇಳಿ ಹೋದೆ. ನಿನಗೆ ಏನೇನು ಬರುತ್ತೆ ಅಂದರು. ಗುಡಿಸೋದು, ತೊಳೆಯೋದು, ಬಯ್ಯೋದು ಅಂದೆ.

“ಬಯ್ಯೋದು ನಾನು ನೋಡ್ಕೋತೀನಿ. ಮೊದಲ್ನೆ ಎರಡು ನೀನು ಮಾಡು” ಅಂದರು.

ಅವತ್ತಿನಿಂದ ಆಕೆ ಮುದಿಯಾಗಿ ಕ್ಲಿನಿಕ್ ಮುಚ್ಚುವವರೆಗೂ ನಾನು ಅಲ್ಲಿಯೇ ಇದ್ದೆ.

ಆಕೆ ಕುಳ್ಳಗೆ, ಕಪ್ಪಗೆ ಇದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಸಂಜೆಯವರೆಗೂ ಅದು ಅಲ್ಲಿಂದ ಕದಲುತ್ತಿರಲಿಲ್ಲ. ಕನ್ನಡಕದ ಒಂದು ಕಡ್ಡಿ ಮುರಿದು ಅದಕ್ಕೆ ದಾರ ಕಟ್ಟಿಕೊಂಡಿದ್ದರು. ಮದುವೆ ಆಗಿರಲಿಲ್ಲ. ಬಾಣಂತಿಯೊಬ್ಬಳ ತಾಯಿ ಯಾಕೆ ಆಗಲಿಲ್ಲ ಅಂತ ಮುಖದ ಮೇಲೆಯೇ ಕೇಳಿದಾಗ, ಬಿಡುವಾಗಲಿಲ್ಲ ಅಂದು ಮಗುವಿನ ಹೊಕ್ಕುಳು ನೋಡುವುದಕ್ಕೆ ಬಗ್ಗಿದರು.

ರೋಗಿ ಎದುರಿಗೆ ಕೂತ ಕೂಡಲೇ ಹೆಬ್ಬೆರಳಿನಿಂದ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡುತ್ತಿದ್ದರು. ಆಮೇಲೆ ಮೊದಲ ಪ್ರಶ್ನೆ, ಬೆಳಗ್ಗೆ ಏನು ತಿಂದೆ? ನೋವು ಎಲ್ಲಿ, ಜ್ವರ ಎಷ್ಟು ದಿನದಿಂದ, ಎಲ್ಲ ಅದಾದ ಮೇಲೆ. ಕಾಪಿ ಕುಡಿದೆ ಅಂದರೆ, ನಾನು ಕೇಳಿದ್ದು ತಿಂದಿದ್ದು ಅನ್ನುತ್ತಿದ್ದರು. ಮೇಜಿನ ಮೇಲೆ ಹುರಿದ ಕಡಲೆಕಾಯಿ ಬೀಜದ ಡಬ್ಬ, ಪಕ್ಕದಲ್ಲಿ ಬೆಲ್ಲದಚ್ಚು. ಹೆಂಗಸರು ಬಂದರೆ ಒಂದು ಹಿಡಿ ಬೀಜ, ಒಂದು ಚೂರು ಬೆಲ್ಲ ಕೊಟ್ಟು, ಎದುರಿಗೇ ಅಗಿದು ನುಂಗುವವರೆಗೂ ಚೀಟಿ ಬರೆಯುತ್ತಿರಲಿಲ್ಲ. ಸೆರಗಿಗೆ ಕಟ್ಟಿಕೊಂಡು ಮನೆಗೆ ಒಯ್ದು ಮಕ್ಕಳಿಗೆ ಕೊಡುತ್ತೇನೆ ಅಂದವರ ಕೈಯಿಂದ ಕಿತ್ತುಕೊಂಡದ್ದೂ ಉಂಟು.

ಈಗ ಬಾಟ್ಲಿಯ ವಿಷಯಕ್ಕೆ ಬರುತ್ತೇನೆ. ಆ ಕಾಲದ ಬಾಟ್ಲಿ ಹುಚ್ಚು ಈಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಗ್ಲೂಕೋಸ್ ನೀರು ಗಾಜಿನ ಬಾಟ್ಲಿಯಲ್ಲಿ ಬರುತ್ತಿತ್ತು. ಅದರೊಳಕ್ಕೆ ವಿಟಮಿನ್ನಿನ ಸೂಜಿ ಹಾಕಿದರೆ ಎಳೆ ಅರಿಶಿನದ ಬಣ್ಣ ಆಗುವುದು. ಕೆಲವರು ಕ್ಯಾಲ್ಸಿಯಮ್ಮನ್ನೂ ಕೊಡುತ್ತಿದ್ದರು. ಅದು ನರಕ್ಕೆ ಹೋದ ಕೂಡಲೇ ಮೈಯೆಲ್ಲ ಬಿಸಿಯಾಗುವುದು. ಜನ ಅದಕ್ಕೆ ಬಿಸಿ ಸೂಜಿ ಅನ್ನುತ್ತಿದ್ದರು, ಮೈಗೆ ತಾಕತ್ತು ಇಳಿಯಿತು ಅನ್ನುವುದಕ್ಕೆ ಆ ಬಿಸಿಯೇ ಸಾಕ್ಷಿ. ಸಂತೆ ದಿನ ಹಳ್ಳಿಯವರು ಕಾಯಿ, ಎಲೆ, ಕೋಳಿ ಮಾರಿ, ಒಂದು ಬಾಟ್ಲಿ ಏರಿಸಿಕೊಂಡು, ಸಾಯಂಕಾಲದ ಬಸ್ಸಿಗೆ ಊರಿಗೆ ಹೋಗುವರು. ಉಪ್ಪು, ಮೆಣಸಿನಕಾಯಿ, ಬಾಟ್ಲಿ. ಸಂತೆಯ ಸಾಮಾನಿನ ಜೊತೆ ಅದೂ ಒಂದು.

ಬಾಟ್ಲಿಗೆ ಮರ್ಯಾದೆಯೂ ಇತ್ತು. ಯಾರಿಗಾದರೂ ಏರಿಸಿದ್ದಾರೆ ಅಂದರೆ ನೆಂಟರು ಮೂಸಂಬಿ, ಬ್ರೆಡ್ಡು ಹಿಡಿದುಕೊಂಡು ನೋಡುವುದಕ್ಕೆ ಬರುವರು. ಮನೆಗೆ ಬಂದ ಸೊಸೆ ಸೊರಗಿದರೆ ತವರಿನವರು ಕೇಳುವ ಮೊದಲ ಮಾತು, ಬಾಟ್ಲಿ ಹಾಕಿಸಿದ್ರಾ? ಹಾಕಿಸಿದೆವು ಅಂದರೆ ಅತ್ತೆ ಮನೆಯವರ ಮರ್ಯಾದೆ ಉಳಿಯಿತು. ಹಾಕಿಸಲಿಲ್ಲ ಅಂದರೆ ನಮ್ಮ ಹುಡುಗಿಯನ್ನು ಸಾಯಿಸುತ್ತಿದ್ದಾರೆ ಅಂತ ಪಂಚಾಯ್ತಿ. ಆ ಹುಡುಗಿಗೆ ದಿನಾ ಹೊಟ್ಟೆ ತುಂಬ ಹಾಕುತ್ತೀರಾ ಅಂತ ಎರಡೂ ಕಡೆಯವರು ಕೇಳುತ್ತಿರಲಿಲ್ಲ.

ಡಾಕ್ಟ್ರಮ್ಮ ಈ ಹುಚ್ಚಿನ ಜೊತೆ ದಿನಾ ಜಗಳ ಆಡುತ್ತಿದ್ದರು. ಬಾಟ್ಲಿಯೊಳಗೆ ಇರೋದು ಒಂದು ಲೋಟ ಪಾನಕ, ದೇವರು ಬಾಯಿ ಕೊಟ್ಟಿರುವಾಗ ತೋಳಲ್ಲಿ ಯಾಕೆ ಕುಡೀತೀಯ ಅನ್ನುವುದು ಆಕೆಯ ಮಾಮೂಲು ಮಾತು. ಒಬ್ಬ ಮಂಡಿ ಸಾಹುಕಾರರು ಮಗಳ ಮದುವೆ ಇನ್ನೇನು ಅನ್ನುವಾಗ ಬಂದು ಕೂತರು. ಓಡಾಡಬೇಕು, ಒಂದು ಜೋರಾದ ಹಳದಿ ಬಾಟ್ಲಿ ಹಾಕಿ ಅಂದರು. ಆಕೆ ರೆಪ್ಪೆ ಎಳೆದು ನೋಡಿ, ಒಂದು ಹಿಡಿ ಕಡಲೆಕಾಯಿ ಬೀಜ ಕೊಟ್ಟರು. ಸಾಹುಕಾರರಿಗೆ ಅವಮಾನ ಆಯಿತು. ತುಮಕೂರಿಗೆ ಹೋಗಿ ಏರಿಸಿಕೊಂಡು ಬಂದು, ಮಾರನೆ ದಿನ ನಮ್ಮ ಬಾಗಿಲಲ್ಲೇ ನಿಂತು, ನೋಡಿ, ಮೂತ್ರ ಕೂಡ ಅರಿಶಿನದ ಹಾಗೆ ಹೋಗುತ್ತಿದೆ, ಅಷ್ಟು ತಾಕತ್ತು ಸೇರಿದೆ ಅಂದರು.

“ಸೇರಿದ್ರೆ ಯಾಕ್ರೀ ಹೊರಗೆ ಬರುತ್ತೆ? ನಿಮ್ಮ ತಾಕತ್ತೆಲ್ಲ ಬಚ್ಚಲಿಗೆ ಹೋಯ್ತು. ಬಚ್ಚಲು ಈಗ ಗಟ್ಟಿಯಾಗಿರುತ್ತೆ” ಅಂದರು ಡಾಕ್ಟ್ರಮ್ಮ.

ಕಾದು ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಸಾಹುಕಾರರು ಮದುವೆಗೆ ನಮ್ಮನ್ನು ಕರೆಯಲಿಲ್ಲ.

ಹಾಗಂತ ಬಾಟ್ಲಿ ಕಂಡರೆ ಆಗದವರು ಅಂತಲ್ಲ. ಒಂದು ಸಲ ಬೀಗರೂಟ ಉಂಡು ಒಂದು ಕೇರಿಗೆ ಕೇರಿಯೇ ವಾಂತಿ ಭೇದಿ ಹಿಡಿದು ಬಂತು. ಅವತ್ತು ಆಕೆಯನ್ನು ನೋಡಬೇಕಿತ್ತು. ಮಂಚ ಸಾಲದೆ ಜಮಖಾನ ಹಾಸಿ, ಕಿಟಕಿಯ ಸರಳಿಗೆ, ಬಟ್ಟೆ ಹಾಕುವ ಮೊಳೆಗೆ, ಎಲ್ಲೆಲ್ಲಿ ಆಗುತ್ತದೋ ಅಲ್ಲೆಲ್ಲ ಬಾಟ್ಲಿ ನೇತು ಹಾಕಿದರು. ಗಂಡಸೊಬ್ಬನಿಗೆ ಕೈಯಲ್ಲಿ ನರವೇ ಸಿಗದೆ ಕಾಲಿನ ಹರಡಿನ ಹತ್ತಿರ ಕೊಯ್ದು ಹುಡುಕಿದರು. ಕಣ್ಣು ತೇಲಿಸಿದ್ದವನು ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತು ಬೀಡಿ ಕೇಳಿದ. ನೋಡು ಲಕ್ಕಮ್ಮ, ಬಾಟ್ಲಿ ಇರೋದು ಇದಕ್ಕೆ ಅಂದರು. ಬಗ್ಗಿ ಬಗ್ಗಿ ಆಕೆಯ ಸೊಂಟ ಹಿಡಿದುಹೋಗಿತ್ತು. ನಾನೇ ಎಣ್ಣೆ ತಿಕ್ಕಿದೆ.

ಆಕೆಯದು ಇನ್ನೊಂದು ಪದ್ಧತಿ ಇತ್ತು. ನನಗೆ ಅದು ಅರ್ಥ ಆಗುವುದಕ್ಕೆ ಸ್ವಲ್ಪ ಕಾಲ ಹಿಡಿಯಿತು. ಜ್ವರ ಬಿಟ್ಟೆದ್ದ ಸೊಸೆಯಂದಿರು, ಹೆರಿಗೆಯಾಗಿ ತಿಂಗಳೊಳಗೇ ಒಲೆ ಮುಂದೆ ಕೂತವರು ಬಂದರೆ ಆಕೆ ವಾದ ಮಾಡದೆ ಬಾಟ್ಲಿ ಹಾಕುತ್ತಿದ್ದರು. ಆದರೆ ರಬ್ಬರ್ ಕೊಳವೆಗೆ ಒಂದು ತಿರುಪು ಇರುತ್ತದಲ್ಲ, ಬಿಗಿ ಮಾಡಿದರೆ ಹನಿ ನಿಧಾನ, ಸಡಿಲ ಮಾಡಿದರೆ ಜೋರು, ಅದನ್ನು ಬಿಗಿ ಅಂದರೆ ಬಿಗಿ ಮಾಡಿಬಿಡುತ್ತಿದ್ದರು. ಪಕ್ಕದ ಮಂಚದ ಬಾಟ್ಲಿ ಮಧ್ಯಾಹ್ನಕ್ಕೆ ಮುಗಿದರೆ ಇವರದು ಸಂಜೆಗೆ. ಮರೆತಿದ್ದಾರೆ ಅಂದುಕೊಂಡು ನಾನು ಸಡಿಲ ಮಾಡುವುದಕ್ಕೆ ಹೋದೆ. ಕೈ ಮೇಲೆ ಪಟ್ ಅಂತ ಒಂದು ಬಿತ್ತು.

“ನಿದ್ದೆ ಮಾಡ್ತಿದಾಳೆ, ಕಾಣಲ್ವಾ? ಕೈಲಿ ಸೂಜಿ ಇರೋವರೆಗೂ ಅವಳನ್ನ ಯಾರೂ ಏಳು ಅನ್ನೋ ಹಾಗಿಲ್ಲ” ಅಂದರು.

ಆಗ ನೋಡಿದೆ. ಆ ಹೆಂಗಸು ಬಾಯಿ ಬಿಟ್ಟುಕೊಂಡು, ಜೊಲ್ಲು ಸುರಿಸಿಕೊಂಡು ಮಲಗಿದ್ದಳು. ಅವಳ ಅತ್ತೆ ಪಕ್ಕದಲ್ಲಿ ಕೂತು ಮಗುವಿಗೆ ಬೀಸಣಿಗೆ ಹಾಕುತ್ತಿದ್ದಳು. ಮನೆಯಲ್ಲಾಗಿದ್ದರೆ ಬೀಸಣಿಗೆ ಸೊಸೆಯ ಕೈಯಲ್ಲಿ ಇರುತ್ತಿತ್ತು. ಔಷಧಿ ಬಾಟ್ಲಿಯಲ್ಲಿ ಇರಲಿಲ್ಲ, ತಿರುಪಿನಲ್ಲಿ ಇತ್ತು. ನಿಧಾನದ ಬಾಟ್ಲಿ ಅಂತ ನಾವಿಬ್ಬರೇ ಅದಕ್ಕೆ ಹೆಸರಿಟ್ಟುಕೊಂಡೆವು. ಲಕ್ಕಮ್ಮ, ನಿಧಾನದ್ದು ಅಂದರೆ ನಾನು ಕಿಟಕಿಯ ಹತ್ತಿರದ ಮಂಚಕ್ಕೆ ದಿಂಬು ಹಾಕುತ್ತಿದ್ದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು.

ಈಗ ಯಡಿಯೂರು ಕಡೆಯ ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ಕೇಳುವವರ ಎದೆ ಹೊಡೆಸುವ ಚಾಳಿ ನನಗಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಹುಡುಗಿ ಬದುಕಿದಳು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಈಗ ಅವಳಿಗೂ ತಲೆ ನೆರೆತಿದೆ.

ಅವಳಿಗೆ ಆಗ ಇಪ್ಪತ್ತು ತುಂಬಿರಲಿಲ್ಲ. ಕುಣಿಗಲ್ ತಾಲ್ಲೂಕು ಯಡಿಯೂರು ಕಡೆಯಿಂದ ಗುಬ್ಬಿಯ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿ ತಂದಿದ್ದರು. ಬಾವಿ ಊರಿನ ಕೆಳಗೆ, ಮನೆ ದಿಬ್ಬದ ಮೇಲೆ. ತಲೆ ಮೇಲೊಂದು, ಸೊಂಟದ ಮೇಲೊಂದು ಬಿಂದಿಗೆ ಹೊತ್ತು ಹತ್ತಬೇಕು. ಹತ್ತುವಾಗ ಉಸಿರು ಕಟ್ಟಿ ದಾರಿಯಲ್ಲೇ ಕೂರುತ್ತಾಳೆ, ಕಳ್ಳಾಟ ಆಡುತ್ತಾಳೆ ಅಂತ ಅತ್ತೆ ದೂರು ಹೇಳಿಕೊಂಡೇ ಕರೆದುಕೊಂಡು ಬಂದಳು. ಅತ್ತೆ ಎತ್ತರದ ಆಳು, ಮೂಗಿನಲ್ಲಿ ಬೇಸರಿ, ಸಂತೆಯಲ್ಲಿ ವೀಳ್ಯದೆಲೆ ಮಾರುವವಳು. ಅವಳ ಗಂಟಲು ಬಸ್ ಸ್ಟ್ಯಾಂಡಿಗೆ ಕೇಳಿಸುವುದು.

ಡಾಕ್ಟ್ರಮ್ಮ ಹುಡುಗಿಯನ್ನು ಒಳಗೆ ಮಲಗಿಸಿ ಎದೆಬಡಿತ ಕೇಳುವ ಕೊಳವೆ ಇಟ್ಟರು. ಎಂದೂ ಅಷ್ಟು ಹೊತ್ತು ಇಟ್ಟವರಲ್ಲ. ಒಂದು ಮಗ್ಗುಲಿಗೆ ತಿರುಗಿಸಿ ಕೇಳಿದರು, ಕೂರಿಸಿ ಕೇಳಿದರು. ಚಿಕ್ಕವಳಿದ್ದಾಗ ಜ್ವರ ಬಂದು ಕೀಲೆಲ್ಲ ಊದಿಕೊಂಡಿತ್ತಾ ಅಂದರು. ಊದಿಕೊಂಡಿತ್ತು ಅಂದಳು. ಆಮೇಲೆ ಡಾಕ್ಟ್ರಮ್ಮ ಕನ್ನಡಕ ತೆಗೆದು ಸೀರೆಯಲ್ಲಿ ಒರೆಸಿದರು. ಹುಡುಗಿ ಪೆದ್ದಿಯಲ್ಲ. ಎದ್ದು ಆಕೆಯ ಕೈ ಹಿಡಿದುಕೊಂಡಳು.

“ಗುಂಡ್ಗೆ ರೋಗ ಅಂತ ನಮ್ಮತ್ತೆಮ್ಮಂಗೆ ಹೇಳ್ಬ್ಯಾಡಿ ಅಮ್ಮ. ನಮ್ಮೂರಲ್ಲಿ ಒಬ್ಳನ್ನ ಹಿಂಗೇ ತವ್ರಿಗೆ ಬುಟ್ಬುಟ್ರು. ಅವ್ಳ ಗಂಡ ಇನ್ನೊಂದು ಮದ್ವೆ ಆದ. ನಮ್ಮಪ್ಪಂಗೆ ನಾನು ಹಿಂದಕ್ಕೆ ಬರೋದು ತಡ್ಕಳಕ್ಕಾಗಲ್ಲ.”

ಡಾಕ್ಟ್ರಮ್ಮ ಏನೂ ಮಾತು ಕೊಡಲಿಲ್ಲ. ಹೊರಗೆ ಬಂದು ಅತ್ತೆಗೆ ಹೇಳಿದ್ದು ಇಷ್ಟು, ತುಂಬ ನಿಶ್ಶಕ್ತಿ ಇದೆ, ಭಾರ ಹೊರಬಾರದು, ಉಪ್ಪು ಕಡಿಮೆ ಮಾಡಬೇಕು, ಈ ಮಾತ್ರೆ ತಪ್ಪಿಸಬಾರದು. ನಿಶ್ಶಕ್ತಿ ಅನ್ನುವ ಮಾತು ಬಾಯಿಂದ ಬಿದ್ದಿದ್ದೇ ತಡ, ಅತ್ತೆ ಹಿಡಿದುಕೊಂಡಳು. ನಿಶ್ಶಕ್ತಿ ಅಂದಮೇಲೆ ಬಾಟ್ಲಿ ಹಾಕಿ ಅಂದಳು. ಬೇಡ ಅಂದರೆ ಕೇಳಲಿಲ್ಲ. ತವರಿನವರು ಯುಗಾದಿಗೆ ಬರುತ್ತಾರೆ, ಬಾಟ್ಲಿ ಕೂಡ ಹಾಕಿಸದೆ ದುಡಿಸಿಕೊಂಡೆವು ಅಂತ ನನ್ನ ಮುಖಕ್ಕೆ ಉಗಿಯುತ್ತಾರೆ, ನೀವು ಹಾಕದಿದ್ದರೆ ತುಮಕೂರಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಒಬ್ಬರು ಕೇಳಿದ ಕೂಡಲೇ ಹಳದಿಯದು ಜೋಡಿ ಹಾಕುತ್ತಾರಂತೆ ಅಂದಳು. ಹೇಳಿದಂತೆ ಮಾಡುವ ಹೆಂಗಸು. ಅದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

ಡಾಕ್ಟ್ರಮ್ಮ ನನ್ನನ್ನು ಔಷಧಿ ಕೋಣೆಗೆ ಕರೆದರು.

“ಈ ಹುಡುಗಿ ಹೃದಯದ ಒಂದು ಬಾಗಿಲು ಕಿರಿದಾಗಿದೆ ಲಕ್ಕಮ್ಮ. ಒಳಗಿರೋದೇ ದಾಟಿ ಹೋಗ್ತಿಲ್ಲ. ಮೇಲಿಂದ ಜೋಡಿ ಬಾಟ್ಲಿ ಸುರಿದ್ರೆ ಮಲಗಿದ ಕಡೆಯೇ ಮುಳುಗಿ ಹೋಗ್ತಾಳೆ” ಅಂದರು.

ಹಾಗಾದರೆ ಅತ್ತೆಗೆ ನಿಜ ಹೇಳಿಬಿಡಿ ಅಂದೆ. ಅದು ಹುಡುಗಿಯ ನಿಜ, ಅವಳು ಬೇಡ ಅಂದಮೇಲೆ ನಾನು ಯಾರು ಹೇಳೋಕೆ ಅಂದರು. ಹಾಗೆ ಅಂದು ಒಂದು ಬಾಟ್ಲಿ ತೆಗೆದುಕೊಂಡು ಹೋದರು. ಹುಡುಗಿಯನ್ನು ಕಿಟಕಿಯ ಮಂಚದಲ್ಲಿ ದಿಂಬಿಗೆ ಒರಗಿಸಿ, ಕೈಗೆ ಮರದ ಪಟ್ಟಿ ಕಟ್ಟಿ, ಸೂಜಿಯನ್ನು ಚುಚ್ಚದೆ ಚರ್ಮದ ಮೇಲೆ ಸುಮ್ಮನೆ ಇಟ್ಟು, ದಪ್ಪಕ್ಕೆ ಬ್ಯಾಂಡೇಜು ಸುತ್ತಿದರು. ತಿರುಪು ಪೂರಾ ಬಿಗಿ. ಹನಿ ಬೀಳುವ ಗಾಜಿನ ಬುರುಡೆಗೆ ಬಿಳಿ ಪ್ಲಾಸ್ಟರು ಸುತ್ತಿದರು, ಒಳಗೆ ಹನಿ ಬೀಳುತ್ತಿದೆಯೋ ಇಲ್ಲವೋ ಕಾಣಬಾರದು ಅಂತ. ಯಾರಿಗೂ ಸುಳ್ಳು ಹೇಳದ ಆ ಹೆಂಗಸು ಅವತ್ತು ಕೈಯಾರೆ ಒಂದು ಸುಳ್ಳನ್ನು ಅಚ್ಚುಕಟ್ಟಾಗಿ ಕಟ್ಟಿದರು. ಬಾಟ್ಲಿಯ ದುಡ್ಡು ಮಾತ್ರ ಮುಟ್ಟಲಿಲ್ಲ, ಆಮೇಲೆ ನೋಡೋಣ ಅಂತ ಅತ್ತೆಗೆ ಅಂದುಬಿಟ್ಟರು.

ಅತ್ತೆ ಎಲೆ ಮಾರುವುದಕ್ಕೆ ಸಂತೆಗೆ ಹೋದಾಗ ನಾನು ಕೊಳವೆ ಬಿಚ್ಚಿ ಬೇಸಿನ್ನಿಗೆ ಒಂದಿಷ್ಟು ನೀರು ಬಿಡುತ್ತಿದ್ದೆ. ಅವಳು ಬರುವ ಹೊತ್ತಿಗೆ ಬಾಟ್ಲಿ ಇಳಿದಿರುತ್ತಿತ್ತು. ಹುಡುಗಿ ದಿನವೆಲ್ಲ ಮಲಗಿರುತ್ತಿದ್ದಳು. ಪ್ರತಿ ಸಂತೆ ದಿನವೂ ಹೀಗೆ ನಡೆಯಿತು. ಅಷ್ಟರಲ್ಲಿ ಡಾಕ್ಟ್ರಮ್ಮ ಬೆಂಗಳೂರಿನಲ್ಲಿ ತಾವು ಓದಿದಾಗಿನ ಮೇಷ್ಟ್ರೊಬ್ಬರ ಹತ್ತಿರ ಆಪರೇಷನ್ನಿನ ಮಾತು ಆಡಿಕೊಂಡು ಬಂದಿದ್ದರು. ಕರೆ ಬರಬೇಕಿತ್ತು. ಮಾತ್ರೆಯಿಂದ ಹುಡುಗಿಯ ಕಾಲಿನ ಊತ ಇಳಿಯಿತು, ಮುಖ ಸ್ವಲ್ಪ ತಿಳಿಯಾಯಿತು. ಅತ್ತೆ ಕಂಡವರಿಗೆಲ್ಲ, ಬಾಟ್ಲಿ ಹಿಡಿದವೆ ನೋಡಿ ಅನ್ನುತ್ತಿದ್ದಳು. ಆದರೆ ಬಾಟ್ಲಿ ಹಿಡಿಯಿತು ಅಂತ ನೀರಿನ ಬಿಂದಿಗೆಯನ್ನು ಮತ್ತೆ ಅವಳ ತಲೆಗೆ ಹೊರಿಸಿದಳು. ಅದನ್ನು ಕೇಳಿದ ದಿನ ಡಾಕ್ಟ್ರಮ್ಮ ಊಟ ಬಿಟ್ಟರು.

ಆಮೇಲೆ ಬಯಲಾಯಿತು. ಆಗಿದ್ದು ಹೇಗೆ ಅಂದರೆ ನಮ್ಮ ಜನ ಮಾಡುವ ಮಾಮೂಲು ಕೆಲಸದಿಂದಲೇ. ಬಸ್ಸು ತಪ್ಪುತ್ತದೆ ಅನ್ನಿಸಿದರೆ ರೋಗಿಯ ಕಡೆಯವರೇ ಕದ್ದು ತಿರುಪು ಸಡಿಲ ಮಾಡಿ ಬಾಟ್ಲಿ ಬೇಗ ಮುಗಿಸಿಬಿಡುವರು. ರೋಗಿ ಗಡಗಡ ನಡುಗಿದರೂ ಸರಿ, ಊರು ಸೇರಿದರೆ ಸಾಕು. ಇದಕ್ಕೆ ನಾನು ಎಷ್ಟು ಜನಕ್ಕೆ ಬಯ್ದಿದ್ದೇನೋ ಲೆಕ್ಕವಿಲ್ಲ. ಆ ಸಂತೆ ದಿನ ಎಲೆ ಬೇಗ ಮುಗಿದು ಅತ್ತೆ ಬೇಗನೆ ಬಂದಳು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಬಾಟ್ಲಿ ಇನ್ನೂ ಅರ್ಧ ಇತ್ತು, ಸ್ಟ್ಯಾಂಡಿನಲ್ಲಿ ಬಸ್ಸು ಹಾರನ್ ಹೊಡೆಯುತ್ತಿತ್ತು. ಅವಳು ತಿರುಪು ಪೂರಾ ಸಡಿಲ ಮಾಡಿದಳು. ನೀರು ರಕ್ತಕ್ಕೆ ಹೋಗಲಿಲ್ಲ. ಬ್ಯಾಂಡೇಜು ತೊಯ್ದು, ಹಾಸಿಗೆ ತೊಯ್ದು, ನೆಲದ ಮೇಲೆ ಹರಿಯಿತು.

ದಪ್ಪಕ್ಕೆ ಸುತ್ತಿದ್ದ ಬಟ್ಟೆಯನ್ನು ಅವಳು ಬಿಚ್ಚಿ ನೋಡಿದಳು. ಸೂಜಿ ಕೈ ಮೇಲೆ ಸುಮ್ಮನೆ ಮಲಗಿತ್ತು.

ಹಜಾರದ ತುಂಬ ಸಂತೆಯ ಜನ. ಅವಳು ಒದ್ದೆ ಬ್ಯಾಂಡೇಜು ಹಿಡಿದುಕೊಂಡು ಬಂದು ಮಧ್ಯದಲ್ಲಿ ನಿಂತಳು.

“ನೋಡ್ರಪ್ಪ ಎಲ್ರೂ. ಸೂಜಿನೇ ಚುಚ್ಚಿಲ್ಲ. ಬರೀ ಬಟ್ಟೆ ಸುತ್ತಿ ಮಲಗ್ಸವ್ಳೆ ಈ ಡಾಕ್ಟ್ರಮ್ಮ. ಇಷ್ಟು ದಿನಾನೂ ಹಿಂಗೇಯ.”

ನಾನು ಕೈ ಒರೆಸಿಕೊಂಡು ಓಡಿ ಬರುವಷ್ಟರಲ್ಲಿ ಡಾಕ್ಟ್ರಮ್ಮ ತಮ್ಮ ಕೋಣೆಯಿಂದ ಹೊರಗೆ ಬಂದಿದ್ದರು. ಹೌದು, ಚುಚ್ಚಿಲ್ಲ ಅಂದರು. ಯಾಕೆ ಅಂತ ಅತ್ತೆ ಕೇಳಿದಳು. ಒಳಗೆ ಬನ್ನಿ, ಕೂತು ಮಾತಾಡೋಣ ಅಂದರು. ಇಲ್ಲೇ ಹೇಳು, ಎಲ್ಲರ ಮುಂದೆ ಹೇಳು ಅಂದಳು ಅವಳು. ಬಹುವಚನ ಬಿಟ್ಟು ಏಕವಚನಕ್ಕೆ ಇಳಿದಿದ್ದಳು.

ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಿನ್ನ ಸೊಸೆಗೆ ಹೃದಯದ ಕಾಯಿಲೆ, ಚುಚ್ಚಿದ್ದರೆ ಸಾಯುತ್ತಿದ್ದಳು. ಹಜಾರವೇ ಆಕೆಯ ಕಡೆಗೆ ತಿರುಗುತ್ತಿತ್ತು. ಆಕೆ ಹೇಳಲಿಲ್ಲ.

“ನಾನು ಹೇಳೋ ಮಾತಲ್ಲ ಅದು. ಮೋಸ ಮಾಡ್ದೆ ಅಂತ ಬಯ್ಯೋದಾದ್ರೆ ಬಯ್ಯಿ. ಮಾಡಿರೋದು ನಾನೇ, ನಿಂತ್ಕೊಂಡು ಬಯ್ಸ್ಕೋತೀನಿ” ಅಂದರು.

ಅತ್ತೆ ಬಯ್ದಳು. ಎಂಥ ಬಯ್ಗುಳ ಅಂತ ಬರೆಯುವುದಿಲ್ಲ. ಡಾಕ್ಟ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಕಟ್ಟಿ, ತಲೆ ತಗ್ಗಿಸದೆ ನಿಂತಿದ್ದರು. ಬೆಂಚಿನ ಮೇಲಿದ್ದ ಕೆಲವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಮ್ಮದರಲ್ಲೂ ನೀರೇ ಇತ್ತೋ ಏನೋ ಅಂತ ಒಬ್ಬ ಗೊಣಗಿದ. ಎಷ್ಟೋ ವರ್ಷ ಬೆವರು ಸುರಿಸಿ ಕಟ್ಟಿದ ಹೆಸರು ನನ್ನ ಕಣ್ಣೆದುರಿಗೇ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ನಿಜ ನನ್ನ ನಾಲಗೆ ತುದಿಯಲ್ಲಿತ್ತು. ಆಕೆ ನನ್ನ ಕಡೆ ಒಂದು ಸಲ ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ. ಆಕೆಯ ಹತ್ತಿರ ಕೆಲಸ ಮಾಡಿದವಳು ಅಂತ ನನಗೆ ಜಂಬ ಇದೆ, ಆ ಜಂಬ ಅವತ್ತಿನದು. ಪ್ರಾಣ ಉಳಿಸುವ ಡಾಕ್ಟರು ಬೇಕಾದಷ್ಟು ಜನ ಇದ್ದಾರೆ. ಒಂದು ಬಡ ಹುಡುಗಿಗೆ ಬಾಯಿಬಿಟ್ಟು ಕೊಡದೇ ಇದ್ದ ಮಾತಿಗೋಸ್ಕರ ಇಡೀ ಸಂತೆಯ ಮುಂದೆ ಕಳ್ಳಿ ಅನ್ನಿಸಿಕೊಂಡು ನಿಂತವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಅಷ್ಟರಲ್ಲಿ ಹುಡುಗಿ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಒದ್ದೆಯಾದ ಮರದ ಪಟ್ಟಿ ಇನ್ನೂ ಕೈಗೆ ನೇತಾಡುತ್ತಿತ್ತು.

“ಅವ್ರನ್ನ ಬಯ್ಬ್ಯಾಡಿ ಅತ್ತೆಮ್ಮ. ನಂಗೆ ಗುಂಡ್ಗೆ ರೋಗ ಐತೆ. ಹೇಳ್ಬ್ಯಾಡಿ ಅಂತ ಕೇಳ್ಕಂಡೋಳು ನಾನೇಯ.”

ಎದ್ದಿದ್ದವರು ಮತ್ತೆ ಬೆಂಚಿನ ಮೇಲೆ ಕೂತರು. ಡಾಕ್ಟ್ರಮ್ಮ ಹುಡುಗಿಯ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಅತ್ತೆಯೂ ಹಿಂದೆ ಬಂದಳು. ನಾನು ಬಾಗಿಲು ಹಾಕಿದೆ.

ಒಳಗೆ ಬಂದ ಮೇಲೂ ಅತ್ತೆಯ ಸಿಟ್ಟು ಇಳಿದಿರಲಿಲ್ಲ, ಬೇರೆ ಕಡೆಗೆ ತಿರುಗಿತ್ತು ಅಷ್ಟೆ. ರೋಗ ಮುಚ್ಚಿಟ್ಟು ನಮ್ಮ ಮನೆಗೆ ತಳ್ಳಿದ್ದಾರೆ, ಈಗಲೇ ಯಡಿಯೂರಿಗೆ ಒಯ್ದು ಅವರಪ್ಪನ ಜಗಲಿ ಮೇಲೆ ಬಿಟ್ಟು ಬರುತ್ತೇನೆ ಅಂದಳು. ಹುಡುಗಿ ಗೋಡೆ ನೋಡುತ್ತಿದ್ದಳು. ಅವರಪ್ಪನಿಗೂ ಗೊತ್ತಿಲ್ಲ, ಜ್ವರ ಬಂತು ಹೋಯಿತು ಅಂದುಕೊಂಡಿದ್ದಾರೆ ಅಂತ ಡಾಕ್ಟ್ರಮ್ಮ ಹೇಳಿದರು. ಅತ್ತೆ ನಂಬಲಿಲ್ಲ. ಚುಚ್ಚದ ಸೂಜಿಯನ್ನು ಚುಚ್ಚಿದೆ ಅಂದವರ ಮಾತನ್ನು ಹೇಗೆ ನಂಬಲಿ ಅಂದಳು. ನಿಜ, ನಂಬಬೇಡಿ ಅಂದರು ಡಾಕ್ಟ್ರಮ್ಮ. ಕುತ್ತಿಗೆಯಲ್ಲಿದ್ದ ಕೊಳವೆ ತೆಗೆದು ಅತ್ತೆಯ ಕಿವಿಗೆ ಸಿಕ್ಕಿಸಿ, ಅದರ ಬಿಲ್ಲೆಯನ್ನು ಹುಡುಗಿಯ ಎಡ ಎದೆಯ ಕೆಳಗೆ ಇಟ್ಟರು. ನೀವೇ ಕೇಳಿ ಅಂದರು.

ಅತ್ತೆ ಹುಬ್ಬು ಗಂಟು ಹಾಕಿಕೊಂಡು ಕೇಳಿದಳು. ಬಸ್ಸು ಹೊರಟ ಸದ್ದು ನಮಗೆ ಕೇಳಿಸಿತು, ಅವಳಿಗೆ ಕೇಳಿಸಲಿಲ್ಲ.

“ಬೀಸೋ ಕಲ್ಲು ತಿರುಗ್ದಂಗೈತಲ್ಲ” ಅಂದಳು.

ಆಮೇಲೆ ಡಾಕ್ಟ್ರಮ್ಮ ಬಿಲ್ಲೆಯನ್ನು ನನ್ನ ಎದೆಗೆ ಇಟ್ಟರು. ಅತ್ತೆ ಅದನ್ನೂ ಕೇಳಿದಳು. ಇದು ಒನಕೆ ಹಾಕಿದಂತಿದೆ, ಒಂದೇ ಸಮ ಅಂದಳು. ಹಾಗೇ ಇರಬೇಕು ಎಲ್ಲರದೂ ಅಂದರು ಡಾಕ್ಟ್ರಮ್ಮ. ಬಿಂದಿಗೆ ಹೊತ್ತು ದಿಬ್ಬ ಹತ್ತಿದರೆ ಆ ಕಲ್ಲು ಇನ್ನೂ ಭಾರ ಆಗುತ್ತೆ, ಬೆಂಗಳೂರಿಂದ ಕರೆ ಬರುವವರೆಗೂ ಹತ್ತಿಸಬಾರದು, ಆಪರೇಷನ್ ಆದಮೇಲೆ ಕಲ್ಲಿನ ಸದ್ದು ನಿಲ್ಲುತ್ತೆ ಅಂದರು. ಇಟ್ಟುಕೊಳ್ಳಿ ಅಂತಲೂ ಕೇಳಲಿಲ್ಲ, ಬಿಡಬೇಡಿ ಅಂತಲೂ ಬೇಡಲಿಲ್ಲ.

ಅತ್ತೆ ಮತ್ತೆ ಹುಡುಗಿಯ ಎದೆಗೆ ಬಿಲ್ಲೆ ಇಟ್ಟು ಕೇಳಿದಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಇಟ್ಟಳು. ಬಹಳ ಹೊತ್ತು ಕೇಳಿದಳು. ಆಮೇಲೆ ಕೊಳವೆ ಕಿವಿಯಿಂದ ತೆಗೆದು ಡಾಕ್ಟ್ರಮ್ಮನ ಕೈಗೆ ಕೊಟ್ಟು, ತನ್ನ ಸೆರಗು ಸರಿಸಿದಳು.

“ನಂದೂ ಒಂದ್ಕಿತ ಕೇಳಿ” ಅಂದಳು. ಮತ್ತೆ ಬಹುವಚನ ಬಂದಿತ್ತು.

ಡಾಕ್ಟ್ರಮ್ಮ ಮುಂದೆ ಕೇಳಿದರು, ಬೆನ್ನ ಮೇಲೂ ಕೇಳಿದರು. ಗಟ್ಟಿಯಾಗಿದೆ, ಏನೂ ತೊಂದರೆ ಇಲ್ಲ ಅಂದರು.

ಅತ್ತೆ ಸೆರಗು ಹೊದ್ದುಕೊಂಡಳು. ಸೊಸೆಯ ಮುಖ ನೋಡಲಿಲ್ಲ. ಮೂಲೆಯಲ್ಲಿದ್ದ ಖಾಲಿ ಎಲೆ ಬುಟ್ಟಿಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

“ಅಂಗಾದ್ರೆ ನೀರು ನಾನ್ ಹೊರ್ತೀನಿ ಬುಡಿ” ಅಂದಳು.